ಮಾಸ್ತರ ಟೆಸ್ಟಿನಲ್ಲಿ ನನ್ನ ಹೆಸರು

ಕಳೆದ ತಿಂಗಳು ನನ್ನ ಹೆಂಡತಿ ನನ್ನನ್ನು ಒಂದು ಇಂಗ್ಲಿಷ್ ವಾಕ್ಯದಿಂದ ಎತ್ತಿ ಹೊರಗೆ ಹಾಕಿದಳು.

ಗಾಬರಿಯಾಗಬೇಡಿ. ಸಂಸಾರ ಸರಿಯಾಗಿಯೇ ಇದೆ. ಕೆಟ್ಟದ್ದು ಗ್ರಾಮರ್ ಟೆಸ್ಟ್.

ನನ್ನ ಹೆಂಡತಿ ಗೌರವ್ವ ಈ ಸಲ ಖಾಸಗಿಯಾಗಿ ಎಸ್ಸೆಸ್ಸೆಲ್ಸಿಗೆ ಕೂಡುವವಳು. ಪಾಸಾದರೆ ಸಾಲೋಟಗಿಯ ಬಾಲವಾಡಿಯಲ್ಲಿ ಟೀಚರ್ ಆಗಬೇಕೆಂಬ ಆಸೆ. ರೊಟ್ಟಿ ಬಡಿಯುತ್ತಲೇ ‘ಹಿ ಗೋಸ್, ದೇ ಗೋ’ ಎಂದು ಬಾಯಿಪಾಠ. ಇಂಡಿಯಲ್ಲಿ ನಮ್ಮ ಓಣಿಯ ನಿವೃತ್ತ ಮಾಸ್ತರು ಪಾಠ ಹೇಳುತ್ತಾರೆ. ಅವರದೊಂದು ಹಟ: ತಮ್ಮ ಟೆಸ್ಟಿನಲ್ಲಿ ಪಾಸಾಗದವರನ್ನು ದೊಡ್ಡ ಪರೀಕ್ಷೆಗೆ ಕಳಿಸುವುದಿಲ್ಲ.

ಟೆಸ್ಟಿನಲ್ಲಿ ಒಂದು ಪ್ರಶ್ನೆ. ‘ಮಲ್ಲಪ್ಪ ಡ್ಯಾಶ್ ಟು ದ ಮಾರ್ಕೆಟ್.’ ಗೋ ಅಥವಾ ಗೋಸ್, ಸರಿಯಾದದ್ದು ಆರಿಸಿ ಇಡೀ ವಾಕ್ಯ ಬರೆಯಿರಿ. ಇದೇನು ಮಹಾ?

ಮಹಾ ಏನೆಂದರೆ, ಮಲ್ಲಪ್ಪ ಯಾರು? (ಈ ಅಂಕಣ ಬರೆಯುತ್ತಿರುವ ನಾನೇ.)

ಗಂಡನ ಹೆಸರು ಹೇಳುವುದುಂಟೇ? ಮದುವೆ ಮನೆಯಲ್ಲಿ ನಾಲ್ಕು ಮಂದಿ ಕಾಡಿದರೆ ಒಡಪಿನ ಪದ್ಯದೊಳಗೆ ಸೇರಿಸಿ ಹೇಳಬಹುದು, ಅಷ್ಟೇ. ಹಾಗಾಗಿ ಗೌರವ್ವ ಬರೆದದ್ದು: ‘ಅವರ್ ಹೌಸ್ ಪೀಪಲ್ ಗೋ ಟು ದ ಮಾರ್ಕೆಟ್.’ ಅಂದರೆ, ನಮ್ಮ ಮನೆಯವರು!

ಮಾಸ್ತರು ನನ್ನನ್ನು ಕರೆಸಿದರು.

“ಮಲ್ಲಪ್ಪಾರ, ನಿಮ್ಮ ಮನಿಯವ್ರು ವರ್ಬ್ ಚಲೋ ಕೂಡಿಸ್ಯಾರ. ಆದ್ರ ನಾ ಕೊಟ್ಟ ಮನಶ್ಯಾನ್ನ ಎಲ್ಲಿಗಿ ಕಳಿಸ್ಯಾರ್ರಿ?”

“ಹೆಸರು ಬದ್ಲಿ ಮಾಡ್ರೆಲಾ ಮಾಸ್ತರ. ರಾಮಾ ಅನ್ರಿ, ಗೋಪಾಲ ಅನ್ರಿ.”

“ನಾ ಏನೋ ಮಾಡಬಹುದ್ರಿ. ದೊಡ್ಡ ಪರೀಕ್ಷಾದವ್ರು ನಿಮ್ಮನ್ನ ಕೇಳಿ ಪೇಪರ್ ತಗೀತಾರೇನು? ಬರೂ ಐತವಾರ ಮತ್ತೊಂದು ಟೆಸ್ಟ್ ಐತಿ. ಅದರಾಗೂ ಹಿಂಗಽ ಬರದ್ರ ಈ ವರ್ಷ ಕೂಡೂದು ಬ್ಯಾಡ.”

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಸಂತೆಗಳಲ್ಲಿ ಎತ್ತಿನ ವ್ಯಾಪಾರ ಮಾಡಿ ಮೇಲೆ ಬಂದವನು ನಾನು. ಮಸೂತಿ ಊರಿನ ರೈತರು ನನ್ನ ಜೊತೆ ಚೌಕಾಸಿಗೆ ಕೂಡುವ ಮೊದಲು ಚಹಾ ಕುಡಿದು ಗಟ್ಟಿಯಾಗುತ್ತಾರೆ. ಹೆಂಡತಿಯನ್ನು ಒಪ್ಪಿಸಲಾರೆನೇ?

“ಕೇಳಿಲ್ಲಿ. ಬರದ್ರ ಹೇಳಿದಂಗಲ್ಲ. ಬಾಯಿ ಬ್ಯಾರೆ, ಕೈ ಬ್ಯಾರೆ,” ಅಂದೆ.

“ಕೈ ಬರಿಯೂಮುಂದ ಮನಸ್ಸು ಓದತೈತೆಲ್ರಿ?”

“ಹಂಗಾರ ನಾನಽ ಹೆಸರು ಬದ್ಲಿ ಮಾಡ್ಕೋತೇನಿ. ಮೈಸೂರು ರಾಜ್ಯನಽ ಕರ್ನಾಟಕ ಆತು, ನಂದೇನು ದೊಡ್ಡದು?”

“ಹೊಸಾ ಹೆಸರೂ ನಿಮ್ದಽ ಅಲ್ಲೇನ್ರಿ?”

ವ್ಯಾಪಾರ ಮುರಿಯಿತು. ಎದ್ದು ಎತ್ತುಗಳಿಗೆ ಮೇವು ಹಾಕಲು ಹೋದೆ.

ಆ ವಾರವಿಡೀ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅಷ್ಟು ಓದಿದ್ದು ಒಂದು ಹೆಸರಿಗಾಗಿ ನೀರುಪಾಲಾಗಬೇಕೇ? ಅದೂ ನನ್ನ ಹೆಸರಿಗಾಗಿ? ಓದುಗರೇ, ಒಂದು ಮಾತು ಗಂಟು ಹಾಕಿಕೊಳ್ಳಿ. ಮನೆಯ ಹೆಣ್ಣುಮಕ್ಕಳು ಪರೀಕ್ಷೆಗೆ ಕೂತರೆ ಗೈಡ್ ತಂದುಕೊಟ್ಟು ಸುಮ್ಮನಾಗಬೇಡಿ. ಅವರ ಕೈ ಹಿಡಿದು ನಿಲ್ಲಿಸಿರುವುದು ಏನೆಂದು ನೋಡಿ. ಎಷ್ಟೋ ಸಲ ಅದು ನೀವೇ ಆಗಿರುತ್ತೀರಿ.

ಐತವಾರ ಮಾಸ್ತರ ಮನೆಯ ಹೊರಗೆ ನಿಂತೆ. ಕೂತೆ. ಮತ್ತೆ ಎದ್ದು ಕಿಟಕಿಯಲ್ಲಿ ಇಣುಕಿದೆ. ಹಲಗೆಯ ತುಂಬ ಪ್ರಶ್ನೆಗಳು. ಎಲ್ಲ ವಾಕ್ಯಗಳಲ್ಲೂ ಮಲ್ಲಪ್ಪನೇ! ಮಲ್ಲಪ್ಪ ಮತ್ತು ಅವನ ಎತ್ತುಗಳಿಗೆ ಈಜ್ ಹಾಕಬೇಕೋ ಆರ್ ಹಾಕಬೇಕೋ? ಮಲ್ಲಪ್ಪನ ತಮ್ಮಂದಿರಲ್ಲಿ ಒಬ್ಬನಿಗೆ ಹ್ಯಾಸೋ ಹ್ಯಾವೋ? (ಮಾಸ್ತರ ಹಟ ಎಂದರೆ ಇದು.)

ಗೌರವ್ವ ಪೆನ್ನು ಎತ್ತಿದಳು. ಇಟ್ಟಳು. ಸೆರಗು ಸರಿಮಾಡಿಕೊಂಡು ಮತ್ತೆ ಎತ್ತಿದಳು. ಆಮೇಲೆ ತಲೆ ಮೇಲೆತ್ತಲೇ ಇಲ್ಲ.

ಹೊರಬಂದವಳನ್ನು ಬಾಗಿಲಲ್ಲೇ ತಡೆದೆ. “ಬರದೀಯೇನು?”

“ಎಲ್ಲಾ ಬರದೇನ್ರಿ. ಈ ವರ್ಷ ಪರೀಕ್ಷಾಕ್ಕ ಕೂಡವ್ವಾ ಅಂದ್ರು ಮಾಸ್ತರು.”

“ನನ್ನ ಹೆಸರು ಹೆಂಗ ಬರದಿ?”

“ಮೊದಲನೇದಕ್ಕ ಪೆನ್ನು ಕೆಳಗಿಟ್ಟೆರಿ. ಆಮ್ಯಾಗ ವರ್ಬ್ ಅಷ್ಟಽ ನೋಡ್ಕೋತ ಹೋದೆ. ನೀವು ನೆನಪಿಗೇ ಬರ್ಲಿಲ್ಲ.”

ಗೆದ್ದೆವು. ಪೇಡೆ ತಂದೆ, ಓಣಿಗೆಲ್ಲ ಹಂಚಿದೆ. ಆದರೂ ಅಂದಿನಿಂದ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವಾಗಲೂ ಆ ಮಾತು ಕಿವಿಯಲ್ಲೇ ಇದೆ.

ಬರೆ ಬರೆ ಎಂದು ಬೆನ್ನು ಹತ್ತಿದವನು ನಾನೇ ತಾನೇ, ಮತ್ತೆ ಅವಳಿಗೆ ನೆನಪಿಗೆ ಬಾರದ್ದಕ್ಕೆ ನನಗೇಕೆ ಈ ಚಡಪಡಿಕೆ?