ಸುಳ್ಳು ಪತ್ರ ಬರೆಯದ ರೇಣುಕಾದೇವಿ

ಶನಿವಾರ ಬೆಳಗಿನ ಐದೂವರೆ. ಅಮೆರಿಕದ ಲಾರೆನ್ಸ್‌ವಿಲ್‌ನ ಚರ್ಚೊಂದರ ಹಿಂದಿನ ಅಡುಗೆಮನೆಯಲ್ಲಿ ಐವತ್ತಾರರ ರೇಣುಕಾದೇವಿ ಬೇಯಿಸಿದ ಆಲೂಗಡ್ಡೆ ಹಿಸುಕುತ್ತಿದ್ದಾರೆ. ಕಣ್ಣು ಮಾತ್ರ ಬಾಗಿಲ ಕಡೆಗೇ ಇದೆ. "ಹುಡುಗರು ಬರ್ತೀವಿ ಅಂದಿದ್ದಾರೆ. ಬಂದ್ಮೇಲೆ ನಂಬ್ತೀನಿ," ಎನ್ನುತ್ತಾರೆ.

ವಾರದ ದಿನಗಳಲ್ಲಿ ಅವರು ಶಾಲೆಯೊಂದರ ಕ್ಯಾಫೆಟೇರಿಯಾದಲ್ಲಿ ಕೆಲಸ ಮಾಡುತ್ತಾರೆ. ಪತಿ ಗೋಪಿನಾಥ ತೀರಿಕೊಂಡ ಮೇಲೆ, ಒಂಬತ್ತು ವರ್ಷಗಳಿಂದ, ಶನಿವಾರ ಇಲ್ಲಿ ಸಂಬಳವಿಲ್ಲದ ದುಡಿಮೆ. ಮನೆಯಿಂದ ಹೊರಬರಲಾಗದ, ಒಂಟಿಯಾಗಿರುವ ತೊಂಬತ್ತು ವೃದ್ಧರಿಗೆ ಇಲ್ಲಿಂದಲೇ ಊಟ ಹೋಗುತ್ತದೆ.

ಎರಡು ವರ್ಷದ ಹಿಂದೆ, 1996ರಲ್ಲಿ, ಭಾರತೀಯ ಮೂಲದ ಕಾಲೇಜು ಹುಡುಗರು ಫ್ರಾಟರ್ನಿಟಿ ಕಟ್ಟಲು ಹೊರಟರು. ಅಣ್ಣತಮ್ಮಂದಿರಂತೆ ಇರುತ್ತೇವೆಂದು ಮಾತು ಕೊಟ್ಟು ಸೇರುವ ವಿದ್ಯಾರ್ಥಿ ಸಂಘ ಅದು. ಸೇವೆಯೇ ಧ್ಯೇಯ ಎಂದರು. ಮೊದಲ ಶನಿವಾರ ಒಂದೇ ಬಣ್ಣದ ಅಂಗಿ ತೊಟ್ಟ ಹನ್ನೊಂದು ಮಂದಿ ಬಂದು, ಫೋಟೊ ತೆಗೆಸಿಕೊಂಡು, ಊಟ ಹಂಚುವ ಹೊತ್ತಿಗೆ ಮಾಯವಾದರು. ರೇಣುಕಾದೇವಿ ಒಬ್ಬರೇ ಕಾರು ಓಡಿಸಿ ಎಲ್ಲ ತಲುಪಿಸುವಷ್ಟರಲ್ಲಿ ಮಧ್ಯಾಹ್ನ ನಾಲ್ಕಾಗಿತ್ತು.

ಮರುವಾರ ಸಂಘದ ಅಧ್ಯಕ್ಷ ಅವಿನಾಶ್ ಬಂದ. ಕಾಲೇಜು ಮಾನ್ಯತೆ ಕೊಡಬೇಕಾದರೆ ಸೇವೆ ಮಾಡಿದ್ದಕ್ಕೆ ಪತ್ರ ಬೇಕಿತ್ತು.

"ಆಂಟಿ, ಜಸ್ಟ್ ಒಂದು ಲೆಟರ್."

"ಯಾರ ಮನೆಗೆ ಊಟ ಕೊಟ್ಟೆ, ಹೆಸರು ಹೇಳು. ಬರೀತೀನಿ."

ಅವನು ಬರಿಗೈಯಲ್ಲಿ ಹಿಂತಿರುಗಿದ. ಮಾನ್ಯತೆ ಮುಂದಕ್ಕೆ ಹೋಯಿತು.

ಮುಂದಿನ ಶನಿವಾರ ಅವನೂ ಇನ್ನೂ ಮೂವರೂ ಬಂದರು, ಕ್ಯಾಮೆರಾ ಇಲ್ಲದೆ. ರೇಣುಕಾದೇವಿಯ ಸಂಶಯ ಹೋಗಲಿಲ್ಲ. ಹುಡುಗರು ಹೊರಟ ಸ್ವಲ್ಪ ಹೊತ್ತಿಗೆ ಒಂದೊಂದು ಮನೆಗೂ ಫೋನ್ ಮಾಡಿ, ಊಟ ಬಂತೇ, ಬಿಸಿಯಿತ್ತೇ ಎಂದು ವಿಚಾರಿಸುತ್ತಿದ್ದರು. ಮೂರು ತಿಂಗಳು ಹೀಗೇ ನಡೆಯಿತು. ಒಂದು ದಿನ ಎಷ್ಟು ಹೊತ್ತಾದರೂ ಅವಿನಾಶ್ ಮರಳಲಿಲ್ಲ.

"ಮತ್ತೆ ಕೈಕೊಟ್ಟ ಅಂದ್ಕೊಂಡೆ. ಕೋಪದಲ್ಲೇ ಫೋನ್ ಮಾಡ್ತಾ ಹೋದೆ. ಒಂದು ಮನೇಲಿ ಫೋನ್ ಎತ್ತಿದ್ದು ಅವನೇ."

ಆ ಮನೆಯ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಅವನು ಆಂಬುಲೆನ್ಸ್‌ಗೆ ಹೇಳಿ, ಅವರ ಪಕ್ಕದಲ್ಲೇ ಕೂತಿದ್ದ.

ಆ ವಾರವೇ ರೇಣುಕಾದೇವಿ ಪತ್ರ ಬರೆದರು. ಮೂರೇ ಸಾಲು: ಮೊದಲ ದಿನ ಹನ್ನೊಂದು ಜನ ಓಡಿಹೋದರು. ನಾಲ್ವರು ತಿರುಗಿ ಬಂದರು. ಆ ನಾಲ್ವರ ಹೆಸರು ಕೆಳಗಿದೆ.

ಆ ಪತ್ರದ ಮೇಲೆಯೇ ಸಂಘಕ್ಕೆ ಮಾನ್ಯತೆ ಸಿಕ್ಕಿತು. ಹೊಸ ಸದಸ್ಯರು ಮೊದಲು ಈ ಅಡುಗೆಮನೆಗೆ ಬರಬೇಕೆಂಬ ನಿಯಮವೂ ಈಗ ಅಲ್ಲಿದೆಯಂತೆ. ಕೇಳಿದರೆ ರೇಣುಕಾದೇವಿ ಕೈ ಒರೆಸಿಕೊಳ್ಳುತ್ತಾರೆ.

"ರೂಲ್ಸ್ ಎಲ್ಲಾ ಅವರೇ ಇಟ್ಕೊಳ್ಳಲಿ. ನನಗೆ ಶನಿವಾರ ನಾಲ್ಕು ಕಾರು ಬಂದ್ರೆ ಸಾಕು." ಆಲೂಗಡ್ಡೆಯ ಕಡೆ ತಿರುಗುತ್ತಾ ಸೇರಿಸುತ್ತಾರೆ: "ಐದು ಅಂತ ಹೇಳಿರ್ತೀನಿ. ಹೇಗೂ ಒಬ್ಬ ಬರಲ್ಲ."