ಅಂಚಿನಾಚೆ ಕೂತ ಪೇಟಿ ಮಾಸ್ತರ

ಸಿರುಗುಪ್ಪದ ಚಿಗವ್ವನ ಮನೆಯಲ್ಲಿ ಗುರುವಾರ ಮಧ್ಯಾಹ್ನ ಯಾರೂ ಟಿವಿಗೆ ಅಡ್ಡ ಹಾಯುವಂತಿರಲಿಲ್ಲ. ಊರಿನ ಕೇಬಲ್‌ನವರು ತಮ್ಮದೇ ಒಂದು ಚಾನೆಲ್ ನಡೆಸುತ್ತಿದ್ದರು. ಮಧ್ಯಾಹ್ನದ ಹೊತ್ತು ತುಂಬಿಸಲು ಬೇರೇನೂ ಇಲ್ಲದೆ, ಹಿಂದೊಮ್ಮೆ ಕುರುಗೋಡಿನಲ್ಲಿ ತಾವೇ ಚಿತ್ರೀಕರಿಸಿದ ಬಯಲಾಟದ ಸಿಡಿಯನ್ನು ಮತ್ತೆ ಮತ್ತೆ ಹಾಕುತ್ತಿದ್ದರು. ಅದರಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸಿದವರು ತೀರಿಕೊಂಡ ನನ್ನ ಚಿಗಪ್ಪ. ನಾನು ಬಳ್ಳಾರಿಯಲ್ಲಿ ಓದುತ್ತಿದ್ದೆ. ರಜೆಗೆ ಹೋದಾಗ ಆಟ ಬಂದ ಪ್ರತಿ ಗುರುವಾರಕ್ಕೂ ದಿನಚರಿಯಲ್ಲಿ ಒಂದು ಗೀಟು ಎಳೆಯುತ್ತಿದ್ದೆ. ಬಸ್ಸು ಹೊರಟ ಹೊತ್ತು, ಮಳೆ ಬಿದ್ದ ದಿನ, ಎಲ್ಲವನ್ನೂ ಹಾಗೆ ಗುರುತು ಹಾಕಿಡುವುದು ನನ್ನ ಚಾಳಿ.

ಟಿವಿಯಲ್ಲಿ ಚಿಗಪ್ಪ ಪೂರ್ತಿ ಕಾಣುತ್ತಿರಲಿಲ್ಲ. ಕ್ಯಾಮೆರಾ ಇದ್ದದ್ದು ಕುಣಿಯುವವರ ಮೇಲೆ. ಎಡ ಅಂಚಿನಲ್ಲಿ ಪೇಟಿಯ ಅರ್ಧ ಭಾಗ, ಅದರ ಮೇಲೆ ಓಡುವ ಬಲಗೈ, ಬೆರಳಲ್ಲಿ ಹಸಿರು ಕಲ್ಲಿನ ಉಂಗುರ. ಅಷ್ಟೇ. ಚಿಗವ್ವನಿಗೆ ಅಷ್ಟು ಸಾಕಿತ್ತು.

"ನೋಡಲೇ, ಬೆರಳು ಹೆಂಗ ಓಡ್ತಾವು! ಆರಾಮ ಇದ್ರು ಅವತ್ತು," ಎನ್ನುತ್ತಿದ್ದಳು.

ಅವಳು ಹಾಗೆ ಹೇಳಿಕೊಳ್ಳುವುದಕ್ಕೆ ಕಾರಣವಿತ್ತು. ಆ ದಿನ ಚಿಗಪ್ಪ ಮೈಯಲ್ಲಿ ಹುಷಾರಿಲ್ಲ, ಕುರುಗೋಡಿಗೆ ಹೋಗಲಾರೆ ಎಂದಿದ್ದರು. "ಟಿವಿಯಾಗ ಬರೋದು ಯಾರರ ಬಿಡ್ತಾರೇನ್ರಿ?" ಎಂದು ಇವಳೇ ಅಂಗಿ ಇಸ್ತ್ರಿ ಮಾಡಿ ಹೊರಡಿಸಿದ್ದಳು. ಹಗಲು ಅವರದು ಅದಿರಿನ ಲಾರಿಗಳನ್ನು ತೂಗುವ ಕಾಟಾದಲ್ಲಿ ಚೀಟಿ ಬರೆಯುವ ಕೆಲಸ. ಆ ವರ್ಷಗಳಲ್ಲಿ ಲಾರಿಗಳ ಸಾಲು ಕಡಿಯುತ್ತಲೇ ಇರಲಿಲ್ಲ. ಸಂಜೆ ಮನೆಗೆ ಬಂದರೆ ಅದಿರಿನ ಧೂಳಿಗೆ ಮೀಸೆ, ರೆಪ್ಪೆ ಎಲ್ಲ ಕೆಂಪು. ಕುರುಗೋಡಿನ ಆಟ ಮುಗಿದು ಕೆಲವೇ ತಿಂಗಳಿಗೆ ಬಳ್ಳಾರಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಪುಪ್ಪುಸ ಯಾವತ್ತೋ ಕೆಟ್ಟಿತ್ತು, ಇನ್ನೂ ಮೊದಲೇ ಕರೆತರಬೇಕಿತ್ತು ಎಂದರು ಡಾಕ್ಟರು. ಹಾಗಾದರೆ ತಾನು ಬಲವಂತ ಮಾಡಿ ಕಳಿಸಿದ ದಿನ ಅವರು ಹೇಗಿದ್ದರು? ಈ ಪ್ರಶ್ನೆಗೆ ಗುರುವಾರಕ್ಕೊಮ್ಮೆ ಆ ಕೈ ಬಂದು ಉತ್ತರ ಹೇಳಿ ಹೋಗುತ್ತಿತ್ತು.

ಆಮೇಲೆ ಮಾಳಿಗೆಗಳ ಮೇಲೆ ಡಿಶ್‌ಗಳು ಬಂದವು. ಒಂದು ಗುರುವಾರ ಆ ಚಾನೆಲ್ಲಿನ ನಂಬರ್ ಒತ್ತಿದರೆ ಬರೀ ಅಕ್ಕಿ ಚೆಲ್ಲಿದಂಥ ಚುಕ್ಕಿಗಳು, ಸುಯ್ಯೆನ್ನುವ ಸದ್ದು. ಚಿಗವ್ವ ಅದರ ಮುಂದೆಯೇ ಕೂತಳು. ಮುಂದಿನ ಗುರುವಾರವೂ ಕೂತಳು. ನೋಡಲಾರದೆ ಅವಳನ್ನು ಕೇಬಲ್ ಅಂಗಡಿಗೆ ಕರೆದುಕೊಂಡು ಹೋದೆ. ಮಾಲೀಕ ವೈರು ಸುತ್ತುತ್ತಿದ್ದ.

"ಈಗ ಕೇಬಲ್ ಯಾರಿಗೆ ಬೇಕವ್ವಾ? ಎಲ್ಲಾರ ಮನಿ ಮ್ಯಾಲೆ ಛತ್ರಿ ಕುಂತಾವು."

"ಮತ್ತ ನಮ್ಮ ಆಟ?"

"ಆಟ ಎಲ್ಲಿ ಹೋಗತೈತಿ! ನನ್ನ ಮಗ ನೆಟ್‌ನ್ಯಾಗ ಹಾಕ್ಯಾನ. ಯಾವಾಗ ಬೇಕು ಅವಾಗ ನೋಡ್ರಿ. ಒತ್ತಿದ ಕೂಡ್ಲೆ ಬರತೈತಿ."

ದಾರಿಯಲ್ಲಿ ಚಿಗವ್ವ ನಕ್ಕಳು. "ಒತ್ತಿದ ಕೂಡ್ಲೆ ಬರ್ತಾರಂತ! ಇದ್ದಾಗ ಊಟಕ್ಕ ಕೂಗಿದ್ರ ಒಂದು ತಾಸು ಬರ್ತಿದ್ದಿಲ್ಲ ಆ ಮನಶ್ಯಾ."

ನೋಡುವುದಾದರೆ ಗುರುವಾರವೇ ನೋಡಬೇಕು ಎಂದು ಹಟ ಹಿಡಿದಳು. ತೆಕ್ಕಲಕೋಟೆ ಮೇಲೆ ಹೋಗುವ ಬಸ್ಸಿನಲ್ಲಿ ಬಳ್ಳಾರಿಗೆ ಬಂದೆವು. ಬಸ್ ನಿಲ್ದಾಣದ ಹಿಂದಿನ ಬ್ರೌಸಿಂಗ್ ಸೆಂಟರಿನಲ್ಲಿ ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ಇದ್ದ ಒಂದೇ ಹೆಡ್‌ಫೋನನ್ನು ಸೆರಗಿನ ಮೇಲೆಯೇ ತೊಡಿಸಿದೆ. ಚಿತ್ರ ಅಷ್ಟು ಬಂದು ನಿಂತು, ಮತ್ತಷ್ಟು ಬಂದು ನಿಲ್ಲುತ್ತಿತ್ತು.

"ಬಂದ್ರು!" ಎಂದು ಚಿಗವ್ವ ಕೂಗಿದಳು. ಪಕ್ಕದ ಹುಡುಗರು ತಿರುಗಿ ನೋಡಿದರು.

"ಚಿಗವ್ವಾ, ಮೆಲ್ಲಕ."

ಅವಳಿಗೆ ಕೇಳಿಸಲಿಲ್ಲ. ಪರದೆಯನ್ನೇ ನೋಡುತ್ತಿದ್ದಳು. ಆಗ ನಾನೂ ನೋಡಿದೆ. ಚಿತ್ರ ಟಿವಿಯಲ್ಲಿದ್ದದ್ದಕ್ಕಿಂತ ಅಗಲವಾಗಿತ್ತು. ಹಳೆಯ ಟಿವಿಗಳು ಚಿತ್ರದ ಸುತ್ತಲಿನ ಅಂಚನ್ನು ಚೌಕಟ್ಟಿನ ಒಳಗೆ ನುಂಗಿಕೊಳ್ಳುತ್ತಿದ್ದವು ಎಂದು ಆಮೇಲೆ ತಿಳಿಯಿತು. ಕಂಪ್ಯೂಟರ್ ಏನನ್ನೂ ನುಂಗಲಿಲ್ಲ. ಉಂಗುರದ ಕೈಯ ಹಿಂದೆ ಮೊಳಕೈ, ಮೊಳಕೈ ಹಿಂದೆ ಹೆಗಲು, ಅದರ ಮೇಲೆ ಚಿಗಪ್ಪನ ಮುಖ. ಅವರು ಹೆಗಲ ಟವೆಲ್ಲಿಗೆ ಬಾಯಿ ಒತ್ತಿ ಕೆಮ್ಮುತ್ತಿದ್ದರು. ಮೈಯೆಲ್ಲ ಅಲುಗುತ್ತಿತ್ತು. ಕೈ ಮಾತ್ರ ತಾಳ ಬಿಡದೆ ಓಡುತ್ತಿತ್ತು. ಕ್ಯಾಮೆರಾ ತನ್ನ ಕಡೆ ಹೊರಳುವುದನ್ನು ಓರೆಗಣ್ಣಿನಲ್ಲಿ ನೋಡಿ, ಚೂರೇ ಚೂರು ಹಿಂದೆ ಸರಿದರು. ಅಷ್ಟರಲ್ಲಿ ಚಿತ್ರ ನಿಂತಿತು. ಟವೆಲ್ಲಿನಲ್ಲಿ ಹುದುಗಿದ ಮುಖದ ಮೇಲೆ ಸಣ್ಣ ಚಕ್ರ ಸುತ್ತತೊಡಗಿತು.

ಕೆಮ್ಮು ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ನಾನು ಕೇಳಲಿಲ್ಲ. ಅವಳು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು.

"ನನಗ ಕಾಣಬಾರದಂತ ಸರದು ಕುಂತಾರಲೇ," ಎಂದಳು. "ಟಿವಿ ಅವರ ಮಾತು ಕೇಳಿತ್ತು. ನಾವು ಅವರನ್ನ ಹೊರಗ ಎಳಕೊಂಡು ಬಂದ್ವಿ."

ವಾಪಸ್ ಬಸ್ಸಿನಲ್ಲಿ ಅವಳು ಕಿಟಕಿ ಮುಚ್ಚಿಸಲಿಲ್ಲ. ಲಾರಿಗಳ ಧೂಳು ಒಳಗೆ ಬರುತ್ತಲೇ ಇತ್ತು.

ಆಮೇಲಿನ ಗುರುವಾರಗಳಲ್ಲಿ ಆ ಮನೆಯಲ್ಲಿ ಯಾರೂ ಟಿವಿ ಹಚ್ಚಲಿಲ್ಲ. ದಸರಾ ರಜೆಗೆ ಹೋದಾಗ ಚಿಗವ್ವ ರೊಟ್ಟಿ ಬಡಿಯುತ್ತ, ತಲೆ ಎತ್ತದೆ ಕೇಳಿದಳು. "ಅಲ್ಲಿ ಇನ್ನೂ ಅದಾರೇನು?"

"ಅದಾರ, ಚಿಗವ್ವಾ."

"ಯಾವಾಗ್ಲೂ ಕೆಮ್ಮತಿರ್ತಾರೇನು, ಇಲ್ಲಾ ಯಾರರ ಒತ್ತಿದಾಗಷ್ಟ?"

"ಒತ್ತಿದಾಗಷ್ಟ," ಎಂದೆ. ಅವಳು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿದಳು. "ಹಂಗಿದ್ರ ನೀನು ಒತ್ತಬ್ಯಾಡ," ಎಂದಳು.

ಆದರೂ ಬಳ್ಳಾರಿಗೆ ಮರಳಿದ ಮೇಲೆ ಒಮ್ಮೆ ನೆಟ್‌ನಲ್ಲಿ ಆ ಆಟದ ಪುಟ ತೆರೆದೆ. ಆಟವನ್ನು ಓಡಿಸಲಿಲ್ಲ. ಎಷ್ಟು ಸಲ ನೋಡಿದ್ದಾರೆ ಎಂಬ ಸಂಖ್ಯೆ ಕೆಳಗಿತ್ತು. ನಾವಿಬ್ಬರೂ ನೋಡಿದ ದಿನ ಅದನ್ನು ದಿನಚರಿಯಲ್ಲಿ ಬರೆದುಕೊಂಡಿದ್ದೆ. ಈಗ ಅದು ಏರಿತ್ತು. ಒತ್ತಿದ್ದು ನಾನಲ್ಲ, ಚಿಗವ್ವನೂ ಅಲ್ಲ. ಹೊಸ ಸಂಖ್ಯೆಯನ್ನು ಬರೆದುಕೊಳ್ಳಲು ಪೆನ್ನು ತೆಗೆದವನು, ಮುಚ್ಚಳ ಹಾಕಿ ಎದ್ದು ಬಂದೆ.