ಮೂರನೇ ಗುಡ್ಡೆ

ನಾಗಮಂಗಲದ ಒಂದು ಮಂಡಿಯಲ್ಲಿ ತೆಂಗಿನಕಾಯಿ ಸುಲಿದು ವಿಂಗಡಿಸುವುದು ನನ್ನ ಕೆಲಸ. ನನ್ನಷ್ಟು ಬೇಗ ವಿಂಗಡಿಸುವವನು ಅಲ್ಲಿ ಇನ್ನೊಬ್ಬನಿಲ್ಲ. ದಪ್ಪನೆಯದು ಒಂದನೇ ಗುಡ್ಡೆಗೆ, ನಡುವಿನದು ಎರಡನೆಯದಕ್ಕೆ, ಸಣ್ಣದು, ಬಿರುಕು ಬಿಟ್ಟಿದ್ದು ಮೂರನೆಯದಕ್ಕೆ. ಮೂರಕ್ಕೆ ಎಸೆದ ಕಾಯನ್ನು ಮತ್ತೆ ಯಾರೂ ಕೈಯಲ್ಲಿ ಹಿಡಿದು ನೋಡುವುದಿಲ್ಲ. ಎಣ್ಣೆ ಗಾಣಕ್ಕೆ ಹೋಗುತ್ತದೆ, ಅಷ್ಟೆ.

ಹಾಗಾಗಿ ಐದನೇ ಕ್ಲಾಸಿನ ನನ್ನ ಮಗಳು ಶಾಲೆಯಿಂದ ಆ ಚೀಟಿ ತಂದ ದಿನ ನನಗೆ ಮುದ್ದೆ ಇಳಿಯಲಿಲ್ಲ. ಲೆಕ್ಕದಲ್ಲಿ ಪರೀಕ್ಷೆ ಮಾಡಿ ಮಕ್ಕಳನ್ನು ಮೂರು ಗುಂಪು ಮಾಡಿದ್ದಾರೆ, ಇವಳು ಮೂರನೆಯದರಲ್ಲಿ. ಶಾಲೆ ಬಿಟ್ಟ ಮೇಲೂ ಒಂದು ಗಂಟೆ ಉಳಿಸಿಕೊಂಡು ಹೇಳಿಕೊಡುತ್ತಾರೆ, ಅದಕ್ಕೆ ಅಪ್ಪನ ಸಹಿ ಬೇಕು. ನಾನು ಹಾಕಲಿಲ್ಲ.

ಮಾರನೇ ದಿನ ಮಂಡಿಯಲ್ಲಿ ಜೊತೆಯವನೊಬ್ಬ, "ಏನ್ಲಾ, ನಿನ್ ಮಗ್ಳನ್ನೂ ಮೂರ್ನೇ ಗುಡ್ಡೆಗಾಕ್ಬುಟ್ರಂತೆ?" ಅಂದ. ಎಲ್ಲರೂ ನಕ್ಕರು. ಕೈಯಲ್ಲಿದ್ದ ಕಾಯಿ ಅಲ್ಲೇ ಬಿಟ್ಟು ಬೈಕ್ ಹತ್ತಿ ಸೀದಾ ಶಾಲೆಗೆ ಹೋದೆ.

"ನನ್ ಮಗ್ಳೇನು ಕಳಪೆ ಮಾಲಾ ಮೇಡಮ್ಮೋರೆ?" ಬಾಗಿಲಲ್ಲೇ ನಿಂತು ಕೇಳಿದೆ.

"ಯಜಮಾನ್ರೇ, ಬೈಯೋದಾದ್ರೆ ಆಮೇಲೆ ಬೈರಿ. ಮೊದ್ಲು ಒಳಗೆ ಬಂದು ಕೂತ್ಕೊಳ್ಳಿ" ಅಂದರು ಟೀಚರಮ್ಮ.

ಲೆಕ್ಕದ ಪಿರಿಯಡ್ಡು ನಡೆದಿತ್ತು. ಒಂದನೇ ಗುಂಪಿನ ಮಕ್ಕಳು ತಮ್ಮ ಪಾಡಿಗೆ ಪುಸ್ತಕ ನೋಡಿ ಲೆಕ್ಕ ಮಾಡುತ್ತಿದ್ದರು. ಟೀಚರಮ್ಮ ಮಾತ್ರ ಮೂರನೇ ಗುಂಪಿನ ಆರು ಮಕ್ಕಳ ನಡುವೆ ಚಾಪೆ ಮೇಲೆ ಕೂತರು. ಹುಣಸೆಬೀಜ ಸುರಿದು ನನ್ನ ಮಗಳ ಕೈ ಹಿಡಿದು ಪಾಲು ಹಾಕಿಸಿದರು. ತಪ್ಪಿತು. ಮತ್ತೆ ಸುರಿದರು.

ನಾನು ಭಾಗಾಕಾರ ತಲೆಗೆ ಹತ್ತದೆ ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ನನ್ನ ಪಕ್ಕ ಹಾಗೆ ಯಾರೂ ಕೂತಿರಲಿಲ್ಲ. "ನೀನು ಕಾಯಿ ಸುಲಿಯಕ್ಕೇ ಸರಿ ಕಣ್ಲಾ" ಅಂದಿದ್ದರು ಮೇಷ್ಟ್ರು.

"ತಿಂಗಳಿಗೊಂದ್ಸಲ ಮತ್ತೆ ಪರೀಕ್ಷೆ ಮಾಡ್ತೀವಿ. ಕಲಿತವ್ರು ಮುಂದಿನ ಗುಂಪಿಗೆ ಹೋಗ್ತಾರೆ" ಅಂದರು ಟೀಚರಮ್ಮ.

ಪೆನ್ನು ಇಸಿದುಕೊಂಡು ನಿಂತುಕೊಂಡೇ ಸಹಿ ಹಾಕಿದೆ.

ಸಹಿ ಹಾಕಿದ್ದೇನೋ ಹಾಕಿದೆ, ನೆಮ್ಮದಿ ಹೋಯಿತು. ಅವಳ ಕ್ಲಾಸು ಮುಗಿಯುವುದರೊಳಗೆ ನಮ್ಮೂರಿಗೆ ಹೋಗುವ ಬಿಂಡಿಗನವಿಲೆ ಬಸ್ಸು ಹೊರಟುಹೋಗುತ್ತದೆ. ಹಾಗಾಗಿ ದಿನಾ ನಾನೇ ಹೋಗಿ ಗೇಟಿನ ಹತ್ತಿರ ನಿಲ್ಲುತ್ತಿದ್ದೆ. ಬರುತ್ತಿದ್ದಂತೆ, "ಯಾವ ಗುಂಪವ್ವ?" ಅನ್ನುತ್ತಿದ್ದೆ.

"ದಿನಾ ಕೇಳ್ಬ್ಯಾಡ ಕಣಪ್ಪ. ತಿಂಗ್ಳಾಗ್ಲಿ."

ಪರೀಕ್ಷೆಯ ದಿನ ಅರ್ಧ ಗಂಟೆ ಮೊದಲೇ ಹೋದೆ. ಬೈಕಿನ ಮೇಲೆ ಕೂರಲಾಗದೆ ಇಳಿದೆ, ಇಳಿದು ನಿಲ್ಲಲಾಗದೆ ಮತ್ತೆ ಕೂತೆ. ಕೊನೆಗೆ ಬಂದಳು.

"ಇನ್ನೂ ಮೂರ್ನೇದೇ ಅಪ್ಪ. ಆದ್ರೆ ಭಾಗಾಕಾರ ಬಂದ್ಬುಡ್ತು. ಇನ್ನು ಭಿನ್ನರಾಶಿ ಒಂದು ಬಂದ್ರೆ ಎರಡ್ನೇದಂತೆ." ಹಿಂದೆ ಹತ್ತಿ ಕೂತು, "ನಿಂಗೆ ಬರ್ತದಾ ಭಾಗಾಕಾರ?" ಅಂದಳು.

"ನೆಟ್ಟಗೆ ಹಿಡ್ಕೊಂಡ್ ಕೂತ್ಕೊ" ಅಂತ ಗದರಿದೆ.

ನಾಗಮಂಗಲ ದಾಟಿದ ಮೇಲೆ, ತಿರುಗಿ ನೋಡದೆ ಕೇಳಿದೆ: "ಅದೆಂಗವ್ವ ಶುರು ಮಾಡೋದು, ಎಡಗಡೆಯಿಂದ್ಲಾ?"